ಎರಡು ಗಂಟುಗಳ ನಡುವೆ

ಹೋದ ಸೋಮವಾರ ನಮ್ಮ ತೋಟದ ಹಳ್ಳದ ಸಂಕದ ಮೇಲೆ ಆಯಿ ಜಾರಿ ಬಿದ್ದಳು. ಮಳೆಗೆ ಪಾಚಿಗಟ್ಟಿದ ಆ ಅಡಿಕೆ ಮರದ ಸಂಕವನ್ನು ಬದಲಿಸಬೇಕೆಂದು ಎರಡು ವರ್ಷಗಳಿಂದ ಹೇಳುತ್ತ ಬಂದವನು ನಾನೇ, ಬದಲಿಸದೆ ಬಿಟ್ಟವನೂ ನಾನೇ. ಶಿರಸಿಯಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಪಾದದ ಕೀಲಿನ ಎರಡೂ ಬದಿಯ ಎಲುಬು ಮುರಿದದ್ದು ಕಂಡಿತು. ರಾತ್ರಿಯೇ ಹುಬ್ಬಳ್ಳಿಗೆ ಹೋದೆವು. ಅಲ್ಲಿ ಜಾರಿದ್ದ ಕೀಲನ್ನು ಸರಿಯಾಗಿ ಕೂರಿಸಿ ಪಟ್ಟಿ ಕಟ್ಟಿದರು. ಶಸ್ತ್ರಚಿಕಿತ್ಸೆಗೆ ಮಾತ್ರ, ಬಾವು ಇಳಿದು ಚರ್ಮದಲ್ಲಿ ಸುಕ್ಕು ಕಾಣುವವರೆಗೆ ಕಾಯಬೇಕೆಂದರು.

ಭಾವನಿಗೆ ಇದು ಸರಿಬರಲಿಲ್ಲ. ಒಳ್ಳೆಯ ಮನುಷ್ಯನೇ, ಆದರೆ ಕಾಯುವುದೆಂದರೆ ಅಲಕ್ಷ್ಯವೆಂದೇ ತಿಳಿದವನು. ಆಯಿಯೂ ಕೇಳಿದಳು: "ಎಲುಬು ಕೂಡಿದ್ರೆ ಸಾಕಲ್ದ ತಂಗಿ?"

ಮಗಳ ವಯಸ್ಸಿನ ಆ ಡಾಕ್ಟರು ಬೇಸರಿಸಲಿಲ್ಲ. ನನ್ನ ಕಡೆ ತಿರುಗಿ, "ನಿಮ್ಮ ಪಾದದ ಎರಡೂ ಬದಿಯ ಗಂಟನ್ನು ಒಟ್ಟಿಗೆ ಹಿಡಿದು ನೋಡಿ, ಯಾವುದು ಹಿಂದಿದೆ?" ಎಂದರು. ಹೆಬ್ಬೆರಳು ಒಳಗಂಟಿನ ಮೇಲೆ, ತೋರುಬೆರಳು ಹೊರಗಂಟಿನ ಮೇಲೆ. ಹೊರಗಿನದು ಹಿಂದಕ್ಕೂ ಇತ್ತು, ಕೆಳಕ್ಕೂ ಇತ್ತು. ಇಷ್ಟು ವರ್ಷ ಇದೇ ಕಾಲಿನಲ್ಲಿ ನಡೆದಿದ್ದೇನೆ, ಗೊತ್ತಿರಲಿಲ್ಲ. ಅಂದಿನಿಂದ ದಿನಕ್ಕೆ ಹತ್ತು ಸಲ ಬೆರಳು ಅಲ್ಲಿಗೇ ಹೋಗುತ್ತಿದೆ.

ಒಳಗಂಟು ಟಿಬಿಯಾ ಎಂಬ ದಪ್ಪ ಎಲುಬಿನ ತುದಿ, ಹೊರಗಂಟು ಫಿಬ್ಯುಲಾ ಎಂಬ ತೆಳು ಎಲುಬಿನ ತುದಿ. ಇವೆರಡೂ ಸೇರಿ ಕಟ್ಟಿದ ಚೌಕಟ್ಟಿನೊಳಗೆ ಟೇಲಸ್ ಎಂಬ ಎಲುಬು ಕುಳಿತು ಮೈಯ ಭಾರವನ್ನು ಪಾದಕ್ಕೆ ದಾಟಿಸುತ್ತದೆ. ಟೇಲಸ್‌ಗೆ ಒಂದು ಸ್ನಾಯುವೂ ಅಂಟಿಕೊಂಡಿಲ್ಲ, ಅದರ ಬಹುಭಾಗ ಮೃದ್ವಸ್ಥಿಯ ಹೊದಿಕೆ, ರಕ್ತ ಸಿಗುವ ದಾರಿಗಳೂ ಕಡಿಮೆ. ಅದು ಒಂದೇ ಒಂದು ಮಿಲಿಮೀಟರ್ ಹೊರಕ್ಕೆ ಸರಿದರೆ ಕೀಲಿನ ಮೇಲ್ಮೈಗಳು ಪರಸ್ಪರ ತಾಗುವ ಜಾಗ ಶೇಕಡಾ 42ರಷ್ಟು ಕುಗ್ಗುತ್ತದೆಂದು 1976ರಲ್ಲಿ ರಾಮ್ಸೆ ಮತ್ತು ಹ್ಯಾಮಿಲ್ಟನ್ ಎಂಬ ಸಂಶೋಧಕರು ಅಳೆದು ತೋರಿಸಿದ್ದಾರೆ. ಹೀಗೆ ಕುಗ್ಗಿದ ಜಾಗದ ಮೇಲೆಯೇ ಇಡೀ ಭಾರ ಬಿದ್ದು ಕೀಲು ಸವೆಯುವುದರಿಂದ, ಎಲುಬು ಕೂಡಿದರೆ ಸಾಲದು, ಇದ್ದಲ್ಲಿಯೇ ಕೂಡಬೇಕು.

ಫಿಬ್ಯುಲಾ ಹಿಂದಿರುವುದರಿಂದಲೇ, ಎರಡು ಎಲುಬುಗಳನ್ನು ಬಿಗಿದಿಡುವ ಅಸ್ಥಿರಜ್ಜು ಹರಿದಿದ್ದರೆ ಅಲ್ಲಿ ಹಾಕುವ ತಿರುಪು ಹಿಂದಿನಿಂದ ಮುಂದಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ಹೋಗಬೇಕಂತೆ. ಪಾದದ ಮೇಲ್ಭಾಗಕ್ಕೆ ಸ್ಪರ್ಶ ಕೊಡುವ ನರವೊಂದು ಹೊರಗಂಟಿನ ತುದಿಯಿಂದ ಸಾಮಾನ್ಯವಾಗಿ 10-12 ಸೆಂಟಿಮೀಟರ್ ಮೇಲೆ ಚರ್ಮದಡಿಗೆ ಬರುತ್ತದೆ, ಆದರೆ ಎಲ್ಲರಲ್ಲೂ ಅದೇ ಜಾಗದಲ್ಲಲ್ಲ. ಗಾಯ ತೆರೆಯುವಾಗ ಅದನ್ನು ಹುಡುಕಿಯೇ ಮುಂದುವರಿಯಬೇಕು. ಇಲ್ಲಿ ಎಲುಬಿನ ಮೇಲೆ ಮಾಂಸದ ಹೊದಿಕೆಯೇ ಇಲ್ಲ, ತೆಳು ಚರ್ಮವಷ್ಟೆ. ಬಾವಿರುವಾಗ ಕೊಯ್ದರೆ ಗಾಯ ಕೂಡದೆ, ಎಲುಬನ್ನು ಹಿಡಿದಿಡಲು ಒಳಗೆ ಹಾಕುವ ಲೋಹದ ಪ್ಲೇಟಿನವರೆಗೆ ಸೋಂಕು ಇಳಿಯಬಹುದು. ಇಷ್ಟೆಲ್ಲ ತಿಳಿದ ಕೈ ಕಾಯಲು ಹೇಳಿದರೆ ಅದನ್ನು ವಿಳಂಬವೆನ್ನುವುದು ಅನ್ಯಾಯ ಎಂದು ಭಾವನಿಗೆ ಹೇಳಿದೆ. ಅವನು ಮಾತಾಡಲಿಲ್ಲ, ಆದರೆ ಕಾರಿಡಾರಿನ ಬೆಂಚಿನ ಮೇಲೆ ಕುಳಿತು ತನ್ನ ಗಂಟುಗಳನ್ನು ಮುಟ್ಟಿ ನೋಡುತ್ತಿದ್ದದ್ದನ್ನು ಕಂಡೆ.

ಇವತ್ತು ಬೆಳಿಗ್ಗೆ ಡಾಕ್ಟರು ಪಟ್ಟಿ ಸರಿಸಿ ಹೊರಗಂಟಿನ ಬಳಿ ಬೆರಳಾಡಿಸಿದರು. ಕಿಟಕಿಯ ಬೆಳಕಿನಲ್ಲಿ ಚರ್ಮದ ಮೇಲೆ ಸಣ್ಣ ಗೆರೆಗಳೆದ್ದವು. ಸುಕ್ಕು ಬಂತಾ ಎಂದು ಆಯಿ ಕೇಳಿದಳು. ಬಂತು, ನಾಳೆ ಬೆಳಿಗ್ಗೆಯೇ ಮಾಡೋಣ ಎಂದರು ಡಾಕ್ಟರು.