ಸೀಟ್ ಬೆಲ್ಟಿನ ಬುಡದ ಚೀಟಿ

9 ಮಾರ್ಚ್ 2024, ಶನಿವಾರ
ಕೊಲಂಬಸ್, ಒಹಾಯೊ

ನಿನ್ನೆ ಶಿವರಾತ್ರಿ. ಜಾಗರಣೆಯಂತೂ ಆಯ್ತು. ಶಿವನ ಹೆಸರಲ್ಲಲ್ಲ, ಕೊಳ್ಳೋಣ ಅಂದುಕೊಂಡಿದ್ದ ಒಂದು ಸೆಕೆಂಡ್ ಹ್ಯಾಂಡ್ ಕೊರೊಲ್ಲಾ ಕಾರಿನ ಹೆಸರಲ್ಲಿ. ಬೆಳಗಿನ ಜಾವ ಮೂರರವರೆಗೂ ಅದರ ವಿನ್ ನಂಬರ್ ಜಪಿಸುತ್ತಾ ಕೂತಿದ್ದೆ. ನಮ್ಮ ಕಡೆ ಚಾಸಿ ನಂಬರ್ ಅಂತೀವಲ್ಲ, ಅದೇ. ಅಕ್ಷರ, ಅಂಕಿ ಎಲ್ಲ ಸೇರಿ 17. ಈಗ ನನಗೆ ಬಾಯಿಪಾಠ.

2017ರ ಗಾಡಿ. 78 ಸಾವಿರ ಮೈಲಿ ಓಡಿದೆ. ಕೇಳುತ್ತಿರುವುದು 8,900 ಡಾಲರ್. ಇದೇ ವರ್ಷದ ಬೇರೆ ಕೊರೊಲ್ಲಾಗಳಿಗೆ 13 ಸಾವಿರಕ್ಕಿಂತ ಕಡಿಮೆ ಯಾರೂ ಹೇಳುತ್ತಿಲ್ಲ. ಈ ಅಗ್ಗಕ್ಕೆ ಕಾರಣ ಟೈಟಲ್, ಅಂದರೆ ಕಾರಿನ ಒಡೆತನದ ಪತ್ರದ ಮೇಲಿರುವ ಎರಡು ಪದ: ರೀಬಿಲ್ಟ್ ಸಾಲ್ವೇಜ್. ನನ್ನವಳು ಅದನ್ನು ಮೊದಲ ದಿನವೇ ಕನ್ನಡಕ್ಕೆ ತಂದುಬಿಟ್ಟಳು. "ಗುಜರಿ ಕಾರು."

ಪೂರ್ತಿ ಗುಜರಿ ಅಲ್ಲ ಕಣೇ ಅಂತ ನಾನು ವಾದಕ್ಕೆ ಇಳಿದೆ. ಡಿಕ್ಕಿ ಆಯ್ತು ಅಂದುಕೊಳ್ಳಿ. ರಿಪೇರಿಗಿಂತ ಕಾರಿನ ದುಡ್ಡು ಕೊಟ್ಟು ಕೈತೊಳೆದುಕೊಳ್ಳುವುದೇ ಮೇಲು ಅಂತ ಇನ್ಶೂರೆನ್ಸ್‌ನವರಿಗೆ ಅನ್ನಿಸಿದರೆ ಟೋಟಲ್ ಲಾಸ್ ಅಂತ ಬರೆದು ಹರಾಜಿಗೆ ಕಳಿಸುತ್ತಾರೆ. ಆಗ ಬೀಳುವುದೇ ಸಾಲ್ವೇಜ್ ಮುದ್ರೆ. ಈ ಲೆಕ್ಕ ಒಂದೊಂದು ರಾಜ್ಯಕ್ಕೆ ಒಂದೊಂದು ಥರ. ನ್ಯೂಯಾರ್ಕ್‌ನಲ್ಲಿ ರಿಪೇರಿ ಖರ್ಚು ಕಾರಿನ ಬೆಲೆಯ ನೂರಕ್ಕೆ 75 ಭಾಗ ಮುಟ್ಟಿದರೆ ಸಾಕು, ಟೆಕ್ಸಾಸ್‌ನಲ್ಲಿ ನೂರಕ್ಕೆ ನೂರು ಆಗಬೇಕು. ಅಂದರೆ ಒಂದೇ ಪೆಟ್ಟು ಒಂದು ಕಡೆ ಗುಜರಿ, ಇನ್ನೊಂದು ಕಡೆ ಬರೀ ರಿಪೇರಿ. ಇಲ್ಲಿ ಮೆಕ್ಯಾನಿಕ್ ಕೂಲಿ ಬೇರೆ ಜಾಸ್ತಿ. ಹಳೇ ಗಾಡಿಯಲ್ಲಿ ಏರ್‌ಬ್ಯಾಗ್ ಒಂದು ಬಿಚ್ಚಿಕೊಂಡರೆ ಕಥೆ ಅಲ್ಲಿಗೇ ಮುಗಿಯಬಹುದು. ಅರಸೀಕೆರೆಯಲ್ಲಾಗಿದ್ದರೆ ಟಿಂಕರಿಂಗ್, ಪೇಂಟಿಂಗ್ ಮಾಡಿಸಿ ಓಡಿಸುತ್ತಿದ್ದೆವು. ಅಪ್ಪನ ಅಂಬಾಸಿಡರ್ ಎರಡು ಸಲ ಹಾಗೆ ಎದ್ದು ಬಂದಿತ್ತು. ಅದರ ಆರ್‌ಸಿ ಬುಕ್ಕಿನಲ್ಲಿ ಆ ಪೆಟ್ಟುಗಳ ಸುದ್ದಿಯೇ ಇರಲಿಲ್ಲ.

ಒಹಾಯೊದಲ್ಲಿ ರಿಪೇರಿ ಆದ ಮೇಲೆ ಹೈವೇ ಪ್ಯಾಟ್ರೋಲ್ ಪೊಲೀಸರ ಹತ್ತಿರ ಕಾರು ತೋರಿಸಬೇಕು. ಹಾಕಿದ ಪಾರ್ಟುಗಳ ರಸೀದಿ ಇಡಬೇಕು. ಆಮೇಲೆ ರೀಬಿಲ್ಟ್ ಅಂತ ಹೊಸ ಟೈಟಲ್. ಪೊಲೀಸರೇ ನೋಡಿದ್ದಾರಲ್ಲ ಅಂತ ನಾನು ನಿಶ್ಚಿಂತನಾಗಿದ್ದೆ. ನಿನ್ನೆ ರಾತ್ರಿ ಗೊತ್ತಾಯ್ತು, ಅವರು ಮುಖ್ಯವಾಗಿ ಹುಡುಕುವುದು ಕದ್ದ ಮಾಲನ್ನು. ಬ್ರೇಕ್ ಹಿಡಿಯುತ್ತೋ ಇಲ್ಲವೋ ಅದು ನಮ್ಮ ಹಣೆಬರಹ.

ವಿನ್ ನಂಬರ್ ಹಾಕಿ ಹುಡುಕಿದರೆ ಹರಾಜಿನ ಹಳೇ ಫೋಟೋಗಳು ಸಿಕ್ಕವು. ಮುಂದಿನ ಬಂಪರ್ ಇಲ್ಲ. ಎಡಗಡೆ ಹೆಡ್‌ಲೈಟ್ ಇದ್ದ ಜಾಗದಲ್ಲಿ ಬರೀ ವೈರು. ಸ್ಟೀರಿಂಗಿನಿಂದ ಏರ್‌ಬ್ಯಾಗ್ ಗಾಳಿ ಹೋದ ಬಲೂನಿನ ಹಾಗೆ ಜೋತುಬಿದ್ದಿತ್ತು. ಹಿಂದಿನ ಸೀಟಿನಲ್ಲಿ ಯಾರದೋ ನೀಲಿ ಛತ್ರಿ. ಆ ಛತ್ರಿ ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಅದ್ರಲ್ಲಿ ಯಾರಾದ್ರೂ ಹೋಗಿದ್ರೇನೋ?"

"ರಿಪೋರ್ಟಲ್ಲಿ ಅದೆಲ್ಲ ಇರಲ್ಲ ಅಪ್ಪ."

"ಮತ್ತಿನ್ನೇನಿರುತ್ತೋ ಅದ್ರಲ್ಲಿ?"

ಉತ್ತರ ಹೊಳೆಯಲಿಲ್ಲ. ಹಿಂದಿನಿಂದ ಅಮ್ಮ, ತಗೊಂಡ್ರೆ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಡೋಕೆ ಹೇಳ್ರೀ ಅಂದಳು.

ಮಾರುವವರು ಅರವತ್ತು ದಾಟಿದವರು. ವರ್ಷಕ್ಕೆ ಎರಡು ಮೂರು ಇಂಥ ಕಾರು ಹರಾಜಿನಲ್ಲಿ ಹಿಡಿದು ಮನೆ ಪಕ್ಕದ ಶೆಡ್ಡಿನಲ್ಲಿ ತಾವೇ ಸರಿಮಾಡುತ್ತಾರೆ. ಮೋಸಗಾರ ಅನ್ನಿಸಲಿಲ್ಲ. ಹರಾಜಿನ ಫೋಟೋ ನಾನು ಕೇಳುವ ಮೊದಲೇ ತೋರಿಸಿದರು. ಬಂಪರ್, ರೇಡಿಯೇಟರ್, ಹೆಡ್‌ಲೈಟ್, ಏರ್‌ಬ್ಯಾಗ್, ಎಲ್ಲದರ ರಸೀದಿಯೂ ಒಂದು ಫೈಲಿನಲ್ಲಿತ್ತು. ನಮ್ಮ ಜೊತೆ ಬಂದಿದ್ದ ಮಂಡ್ಯದ ಗೆಳೆಯ ಬಾನೆಟ್ ಎತ್ತಿ, ಡಿಕ್ಕಿಯ ಕಾರ್ಪೆಟ್ ಕಿತ್ತು, ಮೂಸಿ ನೋಡಿದ. ಪ್ರವಾಹದಲ್ಲಿ ಮುಳುಗಿದ ಗಾಡಿ ಆಗಿದ್ದರೆ ಅಲ್ಲಿ ಕೆಸರಿನ ವಾಸನೆ ಇರುತ್ತದಂತೆ. ಇರಲಿಲ್ಲ. "ತಕ್ಕಳಪ್ಪ, ಚೆನ್ನಾಗದೆ" ಅಂದ. ಅರ್ಧ ಮನಸ್ಸು ಅಲ್ಲೇ ಮಾಡಿಬಿಟ್ಟಿದ್ದೆ.

ಆದರೂ 150 ಡಾಲರ್ ಕೊಟ್ಟು ಬೇರೆ ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ಹತ್ತಿಸಿದೆವು. ಚಾಸಿ ನೆಟ್ಟಗಿದೆ, ಟೈರ್ ಸಮವಾಗಿ ಸವೆದಿದೆ ಅಂದ ಮೆಕ್ಯಾನಿಕ್. ಆಮೇಲೆ ಡ್ರೈವರ್ ಸೀಟಿನ ಪಕ್ಕ ಮಂಡಿಯೂರಿ, ಬೆಲ್ಟನ್ನು ಬುಡದವರೆಗೂ ಎಳೆದು, ಅಲ್ಲಿ ಹೊಲಿದಿದ್ದ ಪುಟ್ಟ ಬಿಳಿ ಚೀಟಿಗೆ ಟಾರ್ಚ್ ಬಿಟ್ಟ. ತಯಾರಾದ ತಿಂಗಳು, ವರ್ಷ ಅದರಲ್ಲಿತ್ತು. ಆ ಕಡೆ ಹೋಗಿ ಪಕ್ಕದ ಸೀಟಿನ ಬೆಲ್ಟ್ ನೋಡಿದ. ಅಲ್ಲೂ ಅದೇ ತಿಂಗಳು. ಎರಡೂ ಕಾರಿನ ಜೊತೆ ಹುಟ್ಟಿದ ಬೆಲ್ಟುಗಳು.

ಅದರಲ್ಲೇನು ತಪ್ಪು ಅಂತ ನನಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಡಿಕ್ಕಿಯ ಕ್ಷಣದಲ್ಲಿ ಬೆಲ್ಟನ್ನು ಗಕ್ಕನೆ ಬಿಗಿಯಲು ಒಳಗೊಂದು ಸಣ್ಣ ಮದ್ದು ಇರುತ್ತದೆ. ಪಟಾಕಿಯ ಹಾಗೆ, ಒಂದೇ ಸಲ ಸಿಡಿಯುವುದು. ಮುಂದಿನಿಂದ ಗುದ್ದಿ ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರೆ ಇದೂ ಸಿಡಿದಿರಬೇಕು. ಹೊಸ ಬೆಲ್ಟ್ ಹಾಕಬೇಕಿತ್ತು. ಏರ್‌ಬ್ಯಾಗ್ ದೀಪ ಸರಿಯಾಗಿಯೇ ಹತ್ತಿ ಆರುತ್ತಿದೆ, ಸ್ಕ್ಯಾನರ್‌ನಲ್ಲೂ ತಪ್ಪು ತೋರಿಸುತ್ತಿಲ್ಲ. ಆದರೆ ಚಿಕ್ಕ ರೆಸಿಸ್ಟರ್ ಒಂದನ್ನು ಸಿಕ್ಕಿಸಿ ಕಾರಿನ ಕಂಪ್ಯೂಟರನ್ನು ನಂಬಿಸಬಹುದಂತೆ.

ಮಾರುವವರಿಗೆ ಫೋನ್ ಮಾಡಿ ಕೇಳಿದೆ. ಬೆಲ್ಟನ್ನು ಅಂಚೆಯಲ್ಲಿ ಕಳಿಸಿ ಹೊಸ ಮದ್ದು ತುಂಬಿಸಿದ್ದೇನೆ ಅಂದರು. ಹಾಗೆ ಮಾಡಿಕೊಡುವವರು ಇದ್ದಾರೆ ಅಂತ ಮೆಕ್ಯಾನಿಕ್ಕೂ ಒಪ್ಪಿದ. ರಸೀದಿ? ಹುಡುಕುತ್ತೇನೆ ಅಂದರು. ಬಂಪರಿನ ಒಂದೊಂದು ಕ್ಲಿಪ್ಪಿಗೂ ರಸೀದಿ ಇಟ್ಟಿರುವ ಮನುಷ್ಯ! ಸುಳ್ಳು ಹೇಳಿದರು ಅಂತ ಈಗಲೂ ನಾನು ಹೇಳಲಾರೆ. ಆದರೆ ಆ ಸೀಟಿನಲ್ಲಿ ಕೂರುವುದು ನಾನಲ್ಲ. ನನ್ನದು ಮನೆಯಿಂದಲೇ ಕೆಲಸ. ರೋಡ್ ಟೆಸ್ಟ್ ಪಾಸಾಗಿ ಒಂದು ತಿಂಗಳೂ ಆಗದ ಇವಳು ದಿನಾ 270 ನಂಬರಿನ ವರ್ತುಲ ಹೆದ್ದಾರಿಯಲ್ಲಿ ಟ್ರಕ್ಕುಗಳ ನಡುವೆ ಹೋಗಬೇಕು.

ಉಳಿದ ಲೆಕ್ಕವೂ ಅಂಥ ಚೆನ್ನಾಗೇನೂ ಇಲ್ಲ ಬಿಡಿ. ಬ್ಯಾಂಕಿನವರು ಸಾಲ ಕೊಡಲ್ಲ ಅಂದಿದ್ದರು, ಇದ್ದ ಉಳಿತಾಯವನ್ನೆಲ್ಲ ಸುರಿಯಬೇಕಿತ್ತು. ಇನ್ಶೂರೆನ್ಸ್‌ಗೆ ಮೂರು ಕಡೆ ವಿಚಾರಿಸಿದೆ. ಎರಡು ಕಡೆ ಎದುರಿನವರ ನಷ್ಟಕ್ಕೆ ಮಾತ್ರ ವಿಮೆ, ನಮ್ಮ ಕಾರಿಗೆ ಇಲ್ಲ. ನಾಳೆ ನನ್ನ ಕೆಲಸ ಹೋದರೆ ಎಚ್-1ಬಿ ಅನ್ನುವ ಈ ಕೆಲಸದ ವೀಸಾದಲ್ಲಿ ಬೇರೆ ಕೆಲಸ ಹುಡುಕಲು ಇಲ್ಲವೇ ದೇಶ ಬಿಡಲು ಹೆಚ್ಚೆಂದರೆ 60 ದಿನ ಟೈಮು. ಅಷ್ಟರಲ್ಲಿ ಮನೆ ಖಾಲಿ ಮಾಡುವುದಾ, ಈ ಮುದ್ರೆಯ ಕಾರಿಗೆ ಗಿರಾಕಿ ಹುಡುಕುವುದಾ? ಇದೆಲ್ಲ ನಿನ್ನೆಯೇ ಗೊತ್ತಿತ್ತು. ಆದರೂ ನಾಲ್ಕು ಸಾವಿರ ಡಾಲರ್ ಉಳಿಯುತ್ತೆ ಅಂತ ಕಣ್ಣು ಮುಚ್ಚಿಕೊಳ್ಳಲು ತಯಾರಾಗಿದ್ದೆ.

ಸಂಜೆ ಏಳರವರೆಗೂ ಕಾದೆ. ರಸೀದಿ ಬರಲಿಲ್ಲ. ಬೇಡ ಅಂತ ಮೆಸೇಜ್ ಹಾಕಿದೆ. ಪರವಾಗಿಲ್ಲ, ನಾಳೆ ಇನ್ನೊಬ್ಬರು ನೋಡಲು ಬರುತ್ತಿದ್ದಾರೆ ಅಂತ ತಕ್ಷಣ ಉತ್ತರ ಬಂತು. ಬೆಲ್ಟಿನ ಚೀಟಿ ನೋಡಲು ಅವರಿಗೆ ಯಾರಾದರೂ ಹೇಳುತ್ತಾರಾ?

"ಹಾಗಾದ್ರೆ ಸೋಮವಾರದಿಂದ ಮತ್ತೆ ಬಸ್ಸಾ?" ಅಂದಳು ಇವಳು. ಬೇಸರವೋ ಸಮಾಧಾನವೋ ತಿಳಿಯಲಿಲ್ಲ. 150 ಡಾಲರ್ ಹೋಗಿದ್ದನ್ನು ಮಾತ್ರ ಸ್ಪಷ್ಟವಾಗಿಯೇ ನೆನಪಿಸಿದಳು.

ಇವತ್ತು ರಾತ್ರಿ ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ನಿನ್ನೆಯ ಜಾಗರಣೆ ಬಾಕಿ ಇರುವಾಗಲೇ ಇನ್ನೊಂದು ಗಂಟೆ ನಿದ್ದೆ ಖೋತಾ.