ಅಕ್ಕಿಯ ಪಾತ್ರೆಯಲ್ಲಿ ಅಳೆದ ನೀರು

2024ರ ರಂಝಾನ್ ಮಾರ್ಚ್ ಮಧ್ಯದಿಂದ ಏಪ್ರಿಲ್ ಎರಡನೆಯ ವಾರದವರೆಗೆ, ಅಂದರೆ ಮಂಜೇಶ್ವರ ತಾಲೂಕಿನ ನಮ್ಮ ಗುಡ್ಡದೂರುಗಳಲ್ಲಿ ಬಾವಿಯ ತಳ ಕಾಣುವ ದಿನಗಳಲ್ಲೇ ಬಂದಿತ್ತು. ಇಲ್ಲಿನ ಮುರಕಲ್ಲಿನ ನೆಲ ಮಳೆನೀರನ್ನು ಬಹುಕಾಲ ಹಿಡಿದಿಡುವುದಿಲ್ಲ. ಹಿರಿಯರು ಗುಡ್ಡದ ಒಡಲಿಗೆ ಸುರಂಗ ಕೊರೆದು ನೀರು ತಂದದ್ದು ಸುಮ್ಮನೆ ಅಲ್ಲ.

ಒಂದು ಶುಕ್ರವಾರ ಜುಮಾ ಮುಗಿಯುವ ಮೊದಲೇ ಮಸೀದಿಯ ಟ್ಯಾಂಕ್ ಬರಿದಾಯಿತು. ಟ್ಯಾಂಕರ್ ನೀರು ಬಂದ ಮೇಲೆ, ಸಂಜೆಯ ಅಸರ್ ನಮಾಝಿನ ಬಾಂಗಿಗೆ ಮುನ್ನ ನಾನು ವುಝೂಗೆ, ಅಂದರೆ ನಮಾಝಿಗಾಗಿ ಕೈ, ಮುಖ, ಕಾಲು ತೊಳೆಯಲು ಕುಳಿತಾಗ, ಮಸೀದಿಯ ಗುರುಗಳಾದ ಉಸ್ತಾದರು ಏನೂ ಹೇಳದೆ ನಳದ ಕೆಳಗೆ ಬಕೆಟ್ ಇರಿಸಿದರು. ಬಳಿಕ ಫಿತ್ರ್ ಝಕಾತಿನ, ಅಂದರೆ ರಂಝಾನ್ ಮುಗಿಯುವಾಗ ಬಡವರಿಗೆ ಕೊಡುವ ಕಡ್ಡಾಯ ದಾನದ ಅಕ್ಕಿ ಅಳೆಯುವ ಒಂದು ಸಾಅ್‌ನ ಪಾತ್ರೆಯಲ್ಲಿ ಆ ನೀರನ್ನು ಅಳೆದರು. ಪಾತ್ರೆ ಎರಡು ಸಲ ತುಂಬಿಯೂ ನೀರು ಮಿಕ್ಕಿತು. ಪ್ರವಾದಿಯವರು ಒಂದು ಮುದ್ದ್, ಅಂದರೆ ಸಾಅ್‌ನ ಕಾಲು ಭಾಗ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂಬ ಹದೀಸನ್ನು ಮದರಸದಲ್ಲಿ ಬಾಯಿಪಾಠ ಒಪ್ಪಿಸಿ ಅಂಕ ಪಡೆದಿದ್ದ ನಾನು ಎಂಟು ಮುದ್ದಿಗೂ ಹೆಚ್ಚು ಹರಿಸಿದ್ದೆ.

ಮೊದಲು ಅಲ್ಲಿ ಕಲ್ಲಿನ ಹೌಳ್, ಅಂದರೆ ವುಝೂವಿನ ನೀರಿನ ತೊಟ್ಟಿ ಇತ್ತು. ನಮ್ಮ ಶಾಫಿ ಪಂಥದ ಕರ್ಮಶಾಸ್ತ್ರದ ಪ್ರಕಾರ ಎರಡು ಕುಲ್ಲತ್ (ನೀರಿನ ಹಳೆಯ ಅಳತೆ) ಅಥವಾ ಅದಕ್ಕಿಂತ ಹೆಚ್ಚಿರುವ ನೀರು, ಕೈಯದ್ದಿ ವುಝೂ ಮಾಡಿದರೂ ಮತ್ತೆ ವುಝೂಗೆ ಆಗದ ‘ಬಳಸಿದ ನೀರು’ ಎನಿಸಿಕೊಳ್ಳುವುದಿಲ್ಲವಾದ್ದರಿಂದ, ನೂರಾರು ಮಂದಿಗೆ ಅದೇ ನೀರು ಸಾಕಾಗುತ್ತಿತ್ತು. ಅದನ್ನು ಮುಚ್ಚಿ ನಳಗಳನ್ನು ಹಾಕಿಸಬೇಕೆಂದು ಜಮಾಅತ್ ಸಭೆಯಲ್ಲಿ ಕೈಯೆತ್ತಿದವರಲ್ಲಿ ನಾನೂ ಒಬ್ಬ. ನೆಲಕ್ಕೆ ಟೈಲ್ಸ್ ಬಂದುದೇ ನಮಗೆ ದೊಡ್ಡದಾಗಿ ಕಂಡಿತ್ತು.

“ಉಸ್ತಾದರೇ, ಚರಂಡಿಗೆ ಹೋಗುವ ಈ ನೀರನ್ನು ಬಾಳೆಗೆ ಬಿಡಬಹುದೇ?” ಎಂದು ಹಿರಿಯರೊಬ್ಬರು ಕೇಳಿದರು. “ಅದು ಶುದ್ಧ ನೀರೇ ಕಾಕಾ. ಇನ್ನೊಂದು ವುಝೂಗೆ ಆಗದು, ಅಷ್ಟೆ. ಬಾಳೆಗೇನು ನಮಾಝ್ ಇದೆಯೇ?” ಎಂದು ಉಸ್ತಾದರು ನಕ್ಕರು. ನೆಟ್ಟ ಗಿಡದಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದರೆ ನೆಟ್ಟವನಿಗೆ ಅದು ಸದಕಾ (ಪುಣ್ಯದ ದಾನ) ಎಂಬ ಹದೀಸನ್ನು ಆ ಕಾಕಾ ತಾವಾಗಿಯೇ ನೆನಪಿಸಿದರು.

ರಂಝಾನ್ ರಾತ್ರಿಯ ತರಾವೀಹ್ ನಮಾಝ್ ಮುಗಿದ ಮೇಲೆ ಹುಡುಗರು ಹಾರೆ ಹಿಡಿದರು. ನಾವು ತೋಡಿದ ಕಣಿ ಇಳಿಜಾರು ತಪ್ಪಿದ್ದರಿಂದ ಎರಡು ದಿನ ನೀರು ಕಾಲ್ದಾರಿಯಲ್ಲೇ ನಿಂತು ಬೈಗುಳ ತಿನ್ನಬೇಕಾಯಿತು. ಮೂರನೆಯ ದಿನ ಅದು ಬಾಳೆಯ ಬುಡ ಮುಟ್ಟಿತು. ನಳಗಳ ಮುಖ್ಯ ವಾಲ್ವನ್ನು ಅರ್ಧ ಮುಚ್ಚಿದೆವು. ಅದನ್ನು ಯಾರೋ ಈಗಲೂ ಆಗಾಗ ಪೂರ್ತಿ ತೆರೆದು ಹೋಗುತ್ತಾರೆ, ನಾನು ಮತ್ತೆ ತಿರುಗಿಸಿ ಬರುತ್ತೇನೆ.