ಡಾರ್ಕ್ ಸನ್ ಆಟದ ಬ್ಯಾಲೆನ್ಸ್ ಇರುವುದು ನೀರಿನ ಲೆಕ್ಕದಲ್ಲಿ

ಡಾರ್ಕ್ ಸನ್ ಆಡಿಸೋಣ ಅಂತ ಹೊರಟ ಪ್ರತಿಯೊಬ್ಬ ಡಿಎಂ (ಡಂಜನ್ ಮಾಸ್ಟರ್, ಅಂದರೆ ಆಟದ ಕಥೆ ನಡೆಸುವವನು) ತಲೆಕೆಡಿಸಿಕೊಳ್ಳುವುದು ಒಂದೇ ವಿಷಯಕ್ಕೆ. ಆಟಗಾರರಿಗೆ ಹಾಫ್-ಜೈಂಟ್, ಅಂದರೆ ಅರೆ-ದೈತ್ಯ ಕ್ಯಾರೆಕ್ಟರ್ ಕೊಡಬೇಕಾ, ಬೇಡವಾ? ನನ್ನನ್ನು ಕೇಳಿದರೆ ಧಾರಾಳವಾಗಿ ಕೊಡಿ. ಆಟ ಕೆಡುವುದು ಅಲ್ಲಿ ಅಲ್ಲವೇ ಅಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಡೈಸ್ ಹಾಕಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಎರಡನೇ ಆವೃತ್ತಿಗೆ ಟಿಎಸ್‌ಆರ್ ಕಂಪನಿ 1991ರಲ್ಲಿ ತಂದ ಮರುಭೂಮಿ ಲೋಕ ಇದು. ಲೋಕದ ಹೆಸರು ಅಥಾಸ್. ಮಂತ್ರವಾದಿಗಳು ತಮ್ಮ ಮಾಟಕ್ಕೆ ನೆಲದ ಜೀವವನ್ನೇ ಹೀರಿ ಹೀರಿ ಊರುಕೇರಿಯೆಲ್ಲ ಬೂದಿ ಮಾಡಿಟ್ಟಿದ್ದಾರೆ. ದೇವರುಗಳಿಲ್ಲ. ಕಬ್ಬಿಣ ಚಿನ್ನಕ್ಕಿಂತ ತುಟ್ಟಿ ಅನ್ನಬೇಕು, ಟೈರ್ ನಗರದ ಹತ್ತಿರ ಒಂದು ಗಣಿ ಬಿಟ್ಟರೆ ಕಷ್ಟ. ಹಾಗಾಗಿ ಜನ ಮೂಳೆ, ಕಲ್ಲು, ಮರ, ಗಾಜಿನ ಹಾಗಿರುವ ಅಬ್ಸಿಡಿಯನ್ ಇದರಲ್ಲೇ ಕತ್ತಿ ಕೊಡಲಿ ಮಾಡಿಕೊಂಡು ಹೊಡೆದಾಡುತ್ತಾರೆ.

ಈಗ ಡಬ್ಬಿಯಲ್ಲಿ ಬಂದ ಆ ಹಳೇ ಆಟದ ನಿಯಮ ನೋಡಿ. ಮಾಮೂಲಿ ಆಟದಲ್ಲಿ ಶಕ್ತಿ, ಚುರುಕು, ಬುದ್ಧಿ ಎಲ್ಲಕ್ಕೂ ಆರು ಮುಖದ ಮೂರು ಡೈಸ್ ಹಾಕುತ್ತಿದ್ದರು, ಸರಾಸರಿ 10.5. ಇಲ್ಲಿ ನಾಲ್ಕು ಮುಖದ ಐದು ಡೈಸ್. ಸರಾಸರಿ 12.5, ಅದೃಷ್ಟ ಇದ್ದರೆ 20ರ ತನಕ. ಆಟ ಶುರುವಾಗುವುದೇ ಮೂರನೇ ಲೆವೆಲ್‌ನಿಂದ. ಹಾಫ್-ಜೈಂಟ್ ಆದರೆ ಶಕ್ತಿಗೆ ಇನ್ನೂ 4 ಸೇರಿಸಿ. ಸಾಲದ್ದಕ್ಕೆ ಪ್ರತಿ ಕ್ಯಾರೆಕ್ಟರ್‌ಗೂ ಒಂದೊಂದು ಮನೋಶಕ್ತಿ ಬಿಟ್ಟಿ. ಕಾಗದದ ಮೇಲೆ ನೋಡಿದವರು "ಇದೇನು ಎಲ್ಲರೂ ಭೀಮಸೇನರೇ" ಅಂತ ಬೈಯುತ್ತಾರೆ. ಬೈಯಲಿ.

ಭೀಮಸೇನನಿಗೆ ಹೊಟ್ಟೆಯೂ ದೊಡ್ಡದು ಅಲ್ವಾ? ಆ ನಿಯಮದ ಪ್ರಕಾರ ಮನುಷ್ಯನಿಗೆ ದಿನಕ್ಕೆ ಒಂದು ಗ್ಯಾಲನ್ ನೀರು ಬೇಕು, ಹತ್ತಿರಹತ್ತಿರ ನಾಲ್ಕು ಲೀಟರ್. ಹಾಫ್-ಜೈಂಟ್‌ಗೆ ನಾಲ್ಕು ಗ್ಯಾಲನ್. ಪ್ರೇಯಿಂಗ್ ಮ್ಯಾಂಟಿಸ್ ಕೀಟದ ಹಾಗಿರುವ ಥ್ರೀ-ಕ್ರೀನ್‌ಗೆ ವಾರಕ್ಕೊಂದು ಗ್ಯಾಲನ್ ಸಾಕು. ಅಂದರೆ ಒಬ್ಬ ಹಾಫ್-ಜೈಂಟ್ ಕುಡಿಯುವ ನೀರಿನಲ್ಲಿ 28 ಥ್ರೀ-ಕ್ರೀನ್ ಬದುಕಬಹುದು. ಐದು ದಿನದ ದಾರಿ ಅಂದುಕೊಳ್ಳಿ, ಆ ಒಬ್ಬನಿಗೇ 75 ಲೀಟರ್, 75 ಕೆಜಿ ಭಾರ. ಹೊರುತ್ತಾನೆ, ಅವನಿಗೇನು. ಆದರೆ ಮೂರನೇ ದಿನ ದರೋಡೆಕೋರರು ಬಂದು ಕತ್ತಿ ಬೀಸುವ ಬದಲು ನೀರಿನ ಚರ್ಮದ ಚೀಲಕ್ಕೆ ಬಾಣ ಬಿಟ್ಟರೆ? ಮೇಜಿನ ಸುತ್ತ ಕೂತವರೆಲ್ಲ ಆಗ ಸುಮ್ಮನಾಗಿ ಹಾಫ್-ಜೈಂಟ್ ಆಡುವವನ ಮುಖ ನೋಡುತ್ತಾರೆ. ಡಿಎಂ ಆಗಿ ನನಗೆ ಅದಕ್ಕಿಂತ ಖುಷಿ ಕೊಡುವ ಗಳಿಗೆ ಇನ್ನೊಂದಿಲ್ಲ. ಅವನ ಶಕ್ತಿಯಿಂದ ಒಂದು ಅಂಕ ಕಿತ್ತಿಲ್ಲ, ಆದರೂ ಲೆಕ್ಕ ಸರಿಹೋಯಿತು.

ಸಾವಿನ ವಿಷಯದಲ್ಲೂ ಆ ಕಾಲದವರು ಜಾಣರು. ಒಬ್ಬೊಬ್ಬ ಆಟಗಾರನೂ ನಾಲ್ಕು ಕ್ಯಾರೆಕ್ಟರ್ ಮಾಡಿ ಇಟ್ಟುಕೊಳ್ಳಬೇಕು. ಆಡುವುದು ಒಂದನ್ನು, ಅದು ಲೆವೆಲ್ ಏರಿದಾಗ ಕಾಯುತ್ತಿರುವವರಲ್ಲಿ ಒಬ್ಬರೂ ಏರಬಹುದು. ಒಬ್ಬ ಸತ್ತರೆ ಇನ್ನೊಬ್ಬ ರೆಡಿ. ಸಾಯುವುದು ಅಗ್ಗ ಆದ್ದರಿಂದ ಡಿಎಂ ಕೈ ಬಿಗಿಹಿಡಿಯಬೇಕಿಲ್ಲ, ಹೊಡೆತ ಹೊಡೆತವಾಗಿಯೇ ಬೀಳುತ್ತದೆ. ಈಗಿನವರು ಒಂದೇ ಕ್ಯಾರೆಕ್ಟರ್‌ಗೆ ಹತ್ತು ಪುಟ ಜೀವನಚರಿತ್ರೆ ಬರೆದುಕೊಂಡು ಬಂದು ಕೂರುತ್ತಾರೆ, ಆಮೇಲೆ ಮರುಭೂಮಿ ಯಾಕೋ ಮೆತ್ತಗಿದೆ ಅಂತ ದೂರು.

ಕಳಪೆ ಆಯುಧದ ನಿಯಮ ಮಾತ್ರ ನನಗೆ ಹಳೆಯದಕ್ಕಿಂತ 2010ರ ನಾಲ್ಕನೇ ಆವೃತ್ತಿಯದ್ದೇ ಇಷ್ಟ. ಹಳೆಯದರಲ್ಲಿ ಮೂಳೆ ಕತ್ತಿಗೆ ಇಷ್ಟು ಕಡಿಮೆ, ಮರದ್ದಕ್ಕೆ ಇನ್ನಷ್ಟು ಕಡಿಮೆ ಅಂತ ಪ್ರತಿ ಏಟಿಗೂ ಕಳೆಯುತ್ತಾ ಕೂರಬೇಕು, ಬೇಜಾರಿನ ಕೆಲಸ. ನಾಲ್ಕನೆಯದರಲ್ಲಿ ಏಟಿಗೆ ಹಾಕಿದ ಇಪ್ಪತ್ತು ಮುಖದ ಡೈಸ್ ಮೇಲೆ 1 ಬಿದ್ದು ಏಟು ತಪ್ಪಿದರೆ ಆಟಗಾರ ಇನ್ನೊಮ್ಮೆ ಹಾಕಬಹುದು. ಆದರೆ ಹಾಗೆ ಹಾಕಿದರೆ ಏಟು ಬಿದ್ದರೂ ಬೀಳದಿದ್ದರೂ ಮೂಳೆ ಕತ್ತಿ ಮುರಿದೇ ಮುರಿಯುತ್ತದೆ. ಲೋಹದ್ದಾದರೆ ಎರಡನೇ ಸಲ 5 ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಮಾತ್ರ. ಎದುರಿಗೆ ಶತ್ರು ಸಾಯುವ ಹಂತದಲ್ಲಿದ್ದಾನೆ, ಕೈಯಲ್ಲಿ ಇರುವುದು ಒಂದೇ ಕತ್ತಿ, ಹಾಕುತ್ತೀಯಾ ಬಿಡುತ್ತೀಯಾ? ಶಿಕ್ಷೆಯನ್ನೇ ಆಮಿಷ ಮಾಡಿಬಿಟ್ಟಿದ್ದಾರೆ ನೋಡಿ. ಲೋಹ ಯಾಕೆ ದುಬಾರಿ ಅಂತ ಆಮೇಲೆ ಯಾರಿಗೂ ಬಿಡಿಸಿ ಹೇಳಬೇಕಾಗುವುದಿಲ್ಲ.

ಈಗ ನಿಜವಾದ ತಲೆನೋವಿಗೆ ಬರೋಣ. ನಾವು ಬಹಳ ಜನ ಈ ಲೋಕವನ್ನು ಎತ್ತಿಕೊಂಡು ಹೋಗಿ 2014ರ ಐದನೇ ಆವೃತ್ತಿಯಲ್ಲಿ ಆಡಿಸುತ್ತೇವೆ. ಅಲ್ಲಿ ಬಿಸಿಲಿನಲ್ಲಿ ತಲೆಗೆ ಎರಡು ಗ್ಯಾಲನ್ ನೀರು ಬೇಕು, ಐದು ಜನರ ಪಾರ್ಟಿಗೆ, ಅಂದರೆ ತಂಡಕ್ಕೆ, ದಿನಕ್ಕೆ ಹತ್ತು. ಕ್ಲೆರಿಕ್ (ಪೂಜಾರಿ) ಪಾತ್ರಕ್ಕೆ ಮೊದಲನೇ ಲೆವೆಲ್ ಸ್ಪೆಲ್, ಅಂದರೆ ಮಂತ್ರ ಒಂದಿದೆ, ನೀರು ಸೃಷ್ಟಿಸುವುದು. ಒಂದು ಸಲಕ್ಕೆ ಎಷ್ಟು ಕೊಡುತ್ತದೆ? ಸರಿಯಾಗಿ ಹತ್ತು ಗ್ಯಾಲನ್. ಮುಗಿಯಿತು ಕಥೆ! ಐದನೇ ಲೆವೆಲ್ ಕ್ಲೆರಿಕ್ ಬಂದರೆ ಇನ್ನೊಂದು ಸ್ಪೆಲ್‌ನಲ್ಲಿ 30 ಗ್ಯಾಲನ್ ನೀರು, ಜೊತೆಗೆ ಊಟ. ಕಾಡುಮೇಡಿನ ಮಂತ್ರಗಾರ ಡ್ರೂಯಿಡ್ ಹತ್ತು ಹಣ್ಣು ಉದುರಿಸಿದರೆ ಹತ್ತು ಜನರ ಒಂದು ದಿನದ ಹೊಟ್ಟೆ ತುಂಬುತ್ತದೆ. ಅಥಾಸ್ ಆಗ ಒಂದು ಪ್ಯಾಕೇಜ್ ಟೂರ್. ಅಷ್ಟಾದ ಮೇಲೂ ಇಂಟರ್ನೆಟ್ಟಿನಲ್ಲಿ ಜಗಳ ನಡೆಯುವುದು ಹಾಫ್-ಜೈಂಟ್‌ನ ಶಕ್ತಿ ಎಷ್ಟಿರಬೇಕು ಅಂತ.

ಆ ಸ್ಪೆಲ್‌ಗಳನ್ನೇ ತೆಗೆದುಹಾಕಿ ಅನ್ನುವವರಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಈ ಲೋಕದ ಕ್ಲೆರಿಕ್‌ಗಳು ದೇವರ ಬದಲು ಮಣ್ಣು, ಗಾಳಿ, ಬೆಂಕಿ, ನೀರನ್ನು ಪೂಜಿಸುವವರು. ನೀರಿನ ಕ್ಲೆರಿಕ್ ಕೈಯಿಂದ ನೀರನ್ನೇ ಕಿತ್ತುಕೊಂಡರೆ ಅವನು ಏನು ಮಾಡಬೇಕು? ನಮ್ಮ ಮೇಜಿನಲ್ಲಿ ಹೀಗೆ ಮಾಡಿಕೊಂಡಿದ್ದೇವೆ. ಒಂದು ಸ್ಪೆಲ್‌ಗೆ ಒಂದೇ ಗ್ಯಾಲನ್. ಜಾಸ್ತಿ ಬೇಕಾ, ತಗೋ, ಹತ್ತೂ ತಗೋ. ಆದರೆ ಅದು ಎಲ್ಲಿಂದಲೋ ಬರಬೇಕಲ್ಲ, ಹತ್ತಿರದ ಬಾವಿಯಿಂದ, ಪೊದೆಯಿಂದ, ಪಕ್ಕದಲ್ಲಿ ಬೀಡುಬಿಟ್ಟವರ ಚೀಲದಿಂದ ಬರುತ್ತದೆ. ನೆಲ ಹೀರುವ ಮಂತ್ರವಾದಿಗಳನ್ನು ಎಲ್ಲರೂ ದ್ವೇಷಿಸುವ ಲೋಕದಲ್ಲಿ ಒಬ್ಬ ಒಳ್ಳೆಯ ಕ್ಲೆರಿಕ್ ಬೆಳಗ್ಗೆ ಎದ್ದು ಅದೇ ಕೆಲಸ ಮಾಡಬೇಕಾ ಅಂತ ಯೋಚಿಸುವ ಹಾಗಾಯಿತು. ಮೊದಲ ಸಲ ಹತ್ತು ಗ್ಯಾಲನ್ ಎಳೆದಾಗ ಒಂದು ಹಳ್ಳಿಯ ಬಾವಿ ಬತ್ತಿ, ಆ ಹಳ್ಳಿಯವರು ಪಾರ್ಟಿಯ ಬೆನ್ನು ಬಿದ್ದರು. ಆ ಬೇಟೆಯೇ ನಮಗೆ ಮುಂದಿನ ಕ್ಯಾಂಪೇನ್ (ಕಂತುಕಂತಾಗಿ ಆಡುವ ಕಥೆ) ಪೂರ್ತಿ ಸಾಕಾಯಿತು, ನಾನು ಬರೆದಿಟ್ಟುಕೊಂಡಿದ್ದ ಕಥೆ ಹಾಗೇ ಮೂಲೆ ಸೇರಿತು.

ಒಂದು ಕಡೆ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ಬಿಟ್ಟಿ ಮನೋಶಕ್ತಿ ಅಂದೆನಲ್ಲ, ಹಳೇ ನಿಯಮದಲ್ಲಿ ಅದು ಲಾಟರಿ. ಡೈಸ್ ಹಾಕಿ ಪಟ್ಟಿ ನೋಡಬೇಕು. ಒಬ್ಬನಿಗೆ ಗೋಡೆಯಾಚೆಗೆ ಹಾರುವಂಥದ್ದು ಸಿಗುತ್ತದೆ, ಇನ್ನೊಬ್ಬನಿಗೆ ಆಟ ಮುಗಿಯುವ ತನಕ ಯಾತಕ್ಕೂ ಬಾರದ್ದು. ಅದಕ್ಕೆ ನೀರೂ ಬೇಡ, ಕಬ್ಬಿಣವೂ ಬೇಡ, ಹಾಗಾಗಿ ಮರುಭೂಮಿ ಅದನ್ನು ಹಿಡಿದು ನಿಲ್ಲಿಸಲಾರದು. ಮನೋಶಕ್ತಿ ಬಳಸಿದ ದಿನ ಅರ್ಧ ಗ್ಯಾಲನ್ ಜಾಸ್ತಿ ಕುಡಿಯಬೇಕು ಅಂತ ಒಂದು ನಿಯಮ ತರೋಣವಾ ಅಂತ ಹುಡುಗರನ್ನು ಕೇಳಿದ್ದೇನೆ. ಥ್ರೀ-ಕ್ರೀನ್ ಆಡುವವನು ಒಬ್ಬನೇ ಹ್ಞೂಂ ಅಂದಿದ್ದಾನೆ.